ಭ್ರಾಂತೇಶ, ಹುಚ್ಚರಾಯ: ಹೆಸರಿನ ಮೂಲ, ಅರ್ಥ, ಈಗಿನ ಬಳಕೆ ಬಗ್ಗೆ ತಿಳಿದವರು ಹೇಳಿ

ಪ್ರಶ್ನೆ: ತೊಟ್ಟಿಲ ಮನೆ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಗಂಡು ಮಗುವಿಗೆ ಹೆಸರಿಡಬೇಕು. ಮನೆದೇವರು ಶಿಕಾರಿಪುರದ ಆಂಜನೇಯ, ಹುಚ್ಚರಾಯಸ್ವಾಮಿ. ಹಿರಿಯರು ದೇವರ ಹೆಸರೇ ಇರಲಿ ಅನ್ನುತ್ತಾರೆ. 'ಹುಚ್ಚರಾಯ' ಬೇಡ ಅನ್ನಿಸಿದರೆ 'ಭ್ರಾಂತೇಶ' ಇಡಬಹುದು ಎಂದು ಪುರೋಹಿತರು ಹೇಳಿದ್ದಾರೆ. ಇಂಟರ್‌ನೆಟ್ಟಿನ ಹೆಸರಿನ ಪಟ್ಟಿಗಳಲ್ಲಿ ಭ್ರಾಂತೇಶ ಸಿಗುವುದೇ ಇಲ್ಲ. ಕೇಳಬೇಕಾದ್ದು ಇಷ್ಟು.

ಎರಡೂ ಒಂದೇ ಹೆಸರೋ, ಬೇರೆ ಬೇರೆಯೋ? 'ಭ್ರಾಂತಿ ಕಳೆಯುವವನು' ಎಂಬ ಅರ್ಥ ಸರಿಯೇ? ಭ್ರಾಂತೇಶ, ಭ್ರಾಂತೀಶ ಇವೆರಡರಲ್ಲಿ ಯಾವುದು ಶುದ್ಧ? ಈಗ ಈ ಹೆಸರನ್ನು ಯಾರಾದರೂ ಇಡುತ್ತಾರಾ? ಜನನ ಪ್ರಮಾಣಪತ್ರದಲ್ಲಿ ಬರೆಸುವಾಗ ಏನು ಎಚ್ಚರ ಬೇಕು?

ಉತ್ತರ 1: ಕುಮುದ್ವತಿ ದಂಡೆ

ದೇವರು ಒಬ್ಬನೇ, ಹೆಸರೂ ಒಂದೇ. ಊರಿನ ಬಾಯಲ್ಲಿ ಹುಚ್ಚರಾಯ, ಸಂಸ್ಕೃತದಲ್ಲಿ ಭ್ರಾಂತೇಶ.

ಈ ಹೆಸರನ್ನು ಒಂಟಿಯಾಗಿ ನೋಡಿದರೆ ಗುಟ್ಟು ತಿಳಿಯುವುದಿಲ್ಲ. ಈ ಸೀಮೆಯಲ್ಲಿ ಮೂವರು ಆಂಜನೇಯರನ್ನು ಒಟ್ಟಿಗೆ ಹೇಳುವ ವಾಡಿಕೆ: ಬ್ಯಾಡಗಿ ತಾಲ್ಲೂಕು ಕದರಮಂಡಲಗಿಯ ಕಾಂತೇಶ, ಹಿರೇಕೆರೂರು ತಾಲ್ಲೂಕು ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ. ಒಂದೇ ದಿನದಲ್ಲಿ ಮೂವರ ದರ್ಶನ ಮುಗಿಸಿದರೆ ಪುಣ್ಯ ಎಂಬ ನಂಬಿಕೆಯೂ ಇದೆ. ಈಗ ಮೂರು ಪದಗಳ ಹುಟ್ಟು ನೋಡಿ. ಕಮ್ ಧಾತುವಿನಿಂದ ಕಾಂತ, ಶಮ್ ಧಾತುವಿನಿಂದ ಶಾಂತ, ಭ್ರಮ್ ಧಾತುವಿನಿಂದ ಭ್ರಾಂತ. ಮೂರಕ್ಕೂ ಅದೇ ಪ್ರತ್ಯಯ, ಅದೇ ದೀರ್ಘ, ಕೊನೆಗೆ ಅದೇ 'ಈಶ'. ಬಾಯಿಗೆ ಬಂದಂತೆ ಪ್ರಾಸ ಕೂಡಿಸಿದ್ದಲ್ಲ ಇದು. ವ್ಯಾಕರಣ ಬಲ್ಲವರು ಯಾರೋ 'ಹುಚ್ಚ'ಕ್ಕೆ ಸಮನಾದ ಸಂಸ್ಕೃತ ಪದವನ್ನು ಉಳಿದೆರಡರ ಅಚ್ಚಿನಲ್ಲೇ ಎರೆದಿದ್ದಾರೆ ಎಂಬುದು ನನ್ನ ಅಭಿಪ್ರಾಯ.

ಭ್ರಮ್ ಎಂದರೆ ಮೊದಲಿಗೆ 'ತಿರುಗು, ಸುತ್ತು'. ಪರಿಭ್ರಮಣ, ಭ್ರಮರ, ಭ್ರಮೆ, ನಾವು ಮದುವೆ ಮನೆಯಲ್ಲಿ ಹೇಳುವ ಸಂಭ್ರಮ, ಎಲ್ಲವೂ ಅದೇ ಬೇರಿನವು. ತಲೆ ತಿರುಗಿದವನು, ದಾರಿ ತಪ್ಪಿದವನು ಎಂಬ ಅರ್ಥ ಆಮೇಲೆ ಬಂತು.

ಸಂಧಿ ವಿಷಯಕ್ಕೆ ಬಂದರೆ, ಭ್ರಾಂತ + ಈಶ = ಭ್ರಾಂತೇಶ, ಗುಣಸಂಧಿ. ಭ್ರಾಂತಿ + ಈಶ = ಭ್ರಾಂತೀಶ, ಸವರ್ಣದೀರ್ಘ ಸಂಧಿ. ವ್ಯಾಕರಣದಲ್ಲಿ ಎರಡೂ ತಪ್ಪಲ್ಲ, ಆದರೆ ಅರ್ಥ ಬೇರೆ. ದೇವರ ಹೆಸರಾಗಿ ರೂಢಿಯಲ್ಲಿರುವುದು ಭ್ರಾಂತೇಶ. ಅದನ್ನೇ ಇಡಿ. ಭ್ರಾಂತೀಶ ಎಂದು ಬರೆಸಿದರೆ ಕಾಂತೇಶ, ಶಾಂತೇಶರ ಜೊತೆಗಿನ ನಂಟು ಕಳಚಿಹೋಗುತ್ತದೆ.

'ಭ್ರಾಂತಿ ಕಳೆಯುವವನು' ಎಂಬುದು ಭಕ್ತಿಯ ವ್ಯಾಖ್ಯಾನ, ಪದದ ಅರ್ಥವಲ್ಲ. ಕಳೆಯುವವನು ಎಂದಾಗಿದ್ದರೆ 'ಭ್ರಾಂತಿಹರ' ಆಗಬೇಕಿತ್ತು. ಈಶ ಎಂದರೆ ಒಡೆಯ. ಭೂತೇಶ ಎಂದರೆ ಭೂತವೂ ಅಲ್ಲ, ಭೂತ ಬಿಡಿಸುವವನೂ ಅಲ್ಲ, ಭೂತಗಳ ಒಡೆಯನಾದ ಶಿವ. ಹಾಗೆಯೇ ಭ್ರಾಂತರ ಒಡೆಯ, ದಾರಿ ತಪ್ಪಿ ಅಲೆಯುವವರಿಗೆ ದಿಕ್ಕಾದವನು ಭ್ರಾಂತೇಶ. ಕಳೆಯುವುದಕ್ಕಿಂತ ಈ ಅರ್ಥವೇ ದೊಡ್ಡದು ಅನ್ನಿಸುತ್ತದೆ.

ಇನ್ನು ಹುಚ್ಚರಾಯ. 'ರಾಜ'ದ ತದ್ಭವ ರಾಯ. ಹನುಮಂತರಾಯ ಅನ್ನುವಾಗಲೂ ಇರುವುದು ಅದೇ. ತದ್ಭವವಾದ್ದರಿಂದ ಕನ್ನಡದ 'ಹುಚ್ಚ' ಜೊತೆ ಸೇರಿದರೂ ಅರಿಸಮಾಸದ (ಸಂಸ್ಕೃತ, ಕನ್ನಡ ಪದ ಬೆರೆಸಿದ ಸಮಾಸದ) ದೋಷ ಬರುವುದಿಲ್ಲ. ಬಿಡಿಸುವಾಗ 'ಹುಚ್ಚನಾದ ರಾಯ' ಎಂದೂ ಹೇಳಬಹುದು, 'ಹುಚ್ಚರ ರಾಯ' ಎಂದೂ ಹೇಳಬಹುದು. ಭ್ರಾಂತೇಶಕ್ಕೆ ಸರಿಹೊಂದುವುದು ಎರಡನೆಯದು.

ಉತ್ತರ 2: ಅಡಿಕೆ ಸೀಮೆ, ಸಾಗರ

ಮೇಲಿನವರ ಮಾತಿಗೆ 'ಹುಚ್ಚು' ಪದದ ಬಗ್ಗೆ ಒಂದೆರಡು ಸೇರಿಸುತ್ತೇನೆ.

ಇದು ದ್ರಾವಿಡ ಪದವೇ. ಪುಲಿ ಹುಲಿ ಆದ ಹಾಗೆ ಇಲ್ಲಿಯೂ ಪಕಾರ ಹಕಾರವಾಗಿದೆ. ತೆಲುಗಿನ ಪಿಚ್ಚಿ, ತಮಿಳಿನ ಪಿಚ್ಚು, ಪಿತ್ತು ಇದರ ಅಕ್ಕತಂಗಿಯರು. ತಮಿಳಿನಲ್ಲಿ ಶಿವನನ್ನೇ 'ಪಿತ್ತನ್' ಎಂದು ಕರೆಯುತ್ತಾರೆ, ಶಿವಭಕ್ತ ಕವಿ ಸುಂದರರ ಮೊದಲ ತೇವಾರ ಪದಿಗ (ಸ್ತುತಿಗೀತೆ) ಶುರುವಾಗುವುದೇ ಆ ಸಂಬೋಧನೆಯಿಂದ. ಒಂದು ಗೊಂದಲ ತಪ್ಪಿಸಿಕೊಳ್ಳಿ: ತಮಿಳರ 'ಪಿಚ್ಚೈ' ಎಂಬ ಹೆಸರಿಗೂ ಇದಕ್ಕೂ ಸಂಬಂಧವಿಲ್ಲ. ಅದು 'ಭಿಕ್ಷೆ'ಯಿಂದ ಬಂದದ್ದು.

ನಮ್ಮಲ್ಲಿ ಹುಚ್ಚು ಎಂದರೆ ಬರೀ ತಲೆಕೆಟ್ಟದ್ದಲ್ಲ. ಹುಚ್ಚೆಳ್ಳು ಎನ್ನುವಾಗ 'ಎಳ್ಳಿನಂತೆ ಕಂಡರೂ ಎಳ್ಳಲ್ಲದ್ದು' ಎಂಬ ಅರ್ಥ. ಹುಚ್ಚುಹೊಳೆ ಎಂದರೆ ದಂಡೆ ಮೀರಿದ ಹೊಳೆ. ಅಳತೆ ಮೀರಿದ್ದು, ಕಟ್ಟಿಗೆ ಸಿಗದ್ದು ಎಂಬ ಭಾವ ಪದದೊಳಗೇ ಇದೆ.

ಹುಚ್ಚಪ್ಪ, ಹುಚ್ಚಯ್ಯ, ಹುಚ್ಚಮ್ಮ, ಹುಚ್ಚವ್ವ ಎಂಬ ಹೆಸರುಗಳು ಶಿಕಾರಿಪುರದಿಂದ ದೂರದಲ್ಲೂ ಇವೆ. ಐಹೊಳೆಯಲ್ಲಿ ಚಾಲುಕ್ಯರ ಕಾಲದ ಗುಡಿಗಳಿಗೇ ಜನ ಹುಚ್ಚಿಮಲ್ಲಿ ಗುಡಿ, ಹುಚ್ಚಪ್ಪಯ್ಯ ಗುಡಿ ಎಂದು ಹೆಸರು ಹೇಳುತ್ತಾರೆ. ಅಂಥ ಕಡೆ ಬಹಳ ಸಲ ಇದು ದೃಷ್ಟಿ ತಾಗದಿರಲಿ ಎಂದು ಇಡುವ ಹೆಸರು. ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸಿಗೆ ತಿಪ್ಪ, ಗುಂಡ, ಕಲ್ಲ, ಹುಚ್ಚ ಎಂದು ಯಾರಿಗೂ ಬೇಡದ ಹೆಸರಿಡುವ ಪದ್ಧತಿ. ಶಿಕಾರಿಪುರ ಸುತ್ತಿನ ಹುಚ್ಚರಾಯಪ್ಪ ಹಾಗಲ್ಲ, ಅದು ನೇರ ದೇವರ ಹೆಸರು. 'ರಾಯ' ಇದೆಯೋ ಇಲ್ಲವೋ ಎಂಬುದೇ ಗುರುತು. ಬರೀ ಹುಚ್ಚಪ್ಪ ಎಂದಿದ್ದರೆ ಎರಡರಲ್ಲಿ ಯಾವುದೂ ಆಗಿರಬಹುದು, ಮನೆದೇವರು ಯಾರೆಂದು ಕೇಳಬೇಕು.

ಅರ್ಥದ ಅಂಜಿಕೆಗೆ ಒಂದು ಹೋಲಿಕೆ. 'ಮರುಳ' ಎಂದರೂ ಹುಚ್ಚನೇ. ಆದರೂ ಮರುಳಸಿದ್ದಪ್ಪ ಎಂಬ ಹೆಸರು ದಾವಣಗೆರೆ, ಚಿತ್ರದುರ್ಗದ ಕಡೆ ಗೌರವದಿಂದ ನಡೆಯುತ್ತದೆ. ವಿಮರ್ಶಕ ಕೆ. ಮರುಳಸಿದ್ದಪ್ಪನವರ ಹೆಸರು ಕೇಳಿ ಯಾರೂ ನಗುವುದಿಲ್ಲ. ಕಾರಣ ಅರ್ಥದಲ್ಲಿಲ್ಲ, ಬಳಕೆಯಲ್ಲಿದೆ. ಮರುಳ ಎಂಬುದು ಬೈಗುಳದಿಂದ ಹೆಚ್ಚುಕಡಿಮೆ ಹೊರಬಿದ್ದಿದೆ, ಹುಚ್ಚ ಇನ್ನೂ ಶಾಲೆಯ ಬಯಲಿನಲ್ಲಿ ದಿನಕ್ಕೆ ಹತ್ತು ಸಲ ಕೇಳುತ್ತದೆ. ಹುಚ್ಚರಾಯ ಕಡಿಮೆಯಾಗುತ್ತಿರುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಕಿಲ್ಲ.

ಉತ್ತರ 3: ಪಟ್ಟಿ ಓದುವವರು

ಬಳಕೆ ಎಷ್ಟಿದೆ ಎಂದು ಕೇಳಿದ್ದೀರಿ. ಹೆಸರಿನ ವೆಬ್‌ಸೈಟುಗಳ 'ಜನಪ್ರಿಯತೆ' ಅಂಕಿ ನಂಬಬೇಡಿ, ಅವಕ್ಕೆ ಶಿಕಾರಿಪುರ ಎಲ್ಲಿದೆ ಎಂದೇ ಗೊತ್ತಿಲ್ಲ. ನೀವೇ ಎಣಿಸಬಹುದು, ಒಂದು ಮಧ್ಯಾಹ್ನದ ಕೆಲಸ.

ಕರ್ನಾಟಕದ ಮುಖ್ಯ ಚುನಾವಣಾಧಿಕಾರಿಗಳ ತಾಣದಲ್ಲಿ ಮತದಾರರ ಪಟ್ಟಿ ಭಾಗವಾರು ಕನ್ನಡದಲ್ಲೇ ಸಿಗುತ್ತದೆ. ಶಿಕಾರಿಪುರ ಕ್ಷೇತ್ರ 115, ಪಕ್ಕದ ಸೊರಬ 116, ಹೋಲಿಕೆಗೆ ದೂರದ ತೀರ್ಥಹಳ್ಳಿ 114. ಪ್ರತಿಯೊಂದರಿಂದ ಮೂರು ಹಳ್ಳಿ ಭಾಗ, ಒಂದು ಪೇಟೆ ಭಾಗ ತೆಗೆದುಕೊಳ್ಳಿ. ಪುಟಕ್ಕೆ 30 ಚೌಕ ಇರುತ್ತವೆ. ಪುಟಗಳು ಚಿತ್ರರೂಪದಲ್ಲಿ ಇರುವುದರಿಂದ ಹುಡುಕುವ ಗುಂಡಿ ಒತ್ತಿದರೆ 'ಇಲ್ಲ' ಎಂದೇ ಬರುತ್ತದೆ. ಅದನ್ನು ನೋಡಿ ಹೆಸರೇ ಇಲ್ಲ ಎಂದುಕೊಂಡವರು ಬಹಳ. ಕಣ್ಣಿನಲ್ಲೇ ಓದಬೇಕು.

ಪ್ರತಿ ಚೌಕದಲ್ಲಿ ಮತದಾರರ ಹೆಸರು, ಕೆಳಗೆ ತಂದೆ ಅಥವಾ ಗಂಡನ ಹೆಸರು, ಮನೆ ಸಂಖ್ಯೆ, ವಯಸ್ಸು. ಎರಡು ಸಾಲು ಬೇರೆ ಬೇರೆ ಎಣಿಸಿ. ಒಂದು ಹೆಸರು 'ತಂದೆ' ಸಾಲಿನಲ್ಲಿ ತುಂಬಾ ಇದ್ದು, ಮತದಾರರ ಸಾಲಿನಲ್ಲಿ ಕಡಿಮೆ ಇದ್ದರೆ ಅದು ಇಳಿಯುತ್ತಿರುವ ಹೆಸರು. ಮತದಾರರ ಸಾಲಿನಲ್ಲಿ 50 ದಾಟಿದವರೇ ಇದ್ದರೆ ಇಳಿದು ಮುಗಿಯುತ್ತಿದೆ ಎಂದರ್ಥ. 18ರಿಂದ 30ರ ನಡುವೆಯೂ ಸಿಕ್ಕಿದರೆ ಉಸಿರಾಡುತ್ತಿದೆ.

ಇದರಲ್ಲಿ ತಪ್ಪಾಗುವುದು ಎರಡು ಕಡೆ. ಒಬ್ಬ ಹುಚ್ಚರಾಯಪ್ಪನಿಗೆ ನಾಲ್ಕು ಮಕ್ಕಳಿದ್ದರೆ ತಂದೆ ಸಾಲಿನಲ್ಲಿ ನಾಲ್ಕು ಸಲ ಬರುತ್ತಾನೆ, ಹೆಂಡತಿಯ ಚೌಕ ಸೇರಿದರೆ ಐದು. ಮನೆ ಸಂಖ್ಯೆ ನೋಡಿ ಒಂದೇ ಎಂದು ಹಿಡಿಯಿರಿ. ಎರಡನೆಯದು ಬರವಣಿಗೆ: ಹುಚ್ಚರಾಯಪ್ಪ, ಹುಚ್ರಾಯಪ್ಪ, ಹುಚ್ಚರಾಯ, ಹುಚ್ಚಪ್ಪ, ಭ್ರಾಂತೇಶ, ಬ್ರಾಂತೇಶ್, ಭ್ರಾಂತೇಶಪ್ಪ ಎಲ್ಲಕ್ಕೂ ಬೇರೆ ಬೇರೆ ಗೆರೆ ಎಳೆದಿಟ್ಟುಕೊಂಡು ಕೊನೆಗೆ ಕೂಡಿಸಿ. ಎಣಿಕೆ ಸಾಕು, ಯಾರ ವಿವರವನ್ನೂ ಇಲ್ಲಿ ಹಾಕಬೇಡಿ.

ನೋಡಿದರೆ ಕಾಣುವ ಚಿತ್ರ: ಹುಚ್ಚರಾಯಪ್ಪ ಶಿಕಾರಿಪುರ, ಸೊರಬ, ಹಿರೇಕೆರೂರಿನ ಹಳ್ಳಿಗಳ ಹೆಸರು, ಹಿರಿಯರಲ್ಲಿ ಹೆಚ್ಚು. ಒಂದೇ ಜಾತಿಯ ಹೆಸರಲ್ಲ. ಭ್ರಾಂತೇಶ ವಿರಳ, ಆದರೆ ವಯಸ್ಸಿನಲ್ಲಿ ಕಿರಿಯರದು. ಕಾಂತೇಶ ಮಾತ್ರ ಸೀಮೆ ದಾಟಿ ಹಬ್ಬಿದೆ. ಮೂವರು ದೇವರಲ್ಲಿ ಹೆಸರಿನ ಅರ್ಥ ಯಾರಿಗೆ ಹಿತವಾಗಿದೆಯೋ ಅವನ ಹೆಸರು ಹಬ್ಬಿತು.

ಉತ್ತರ 4: ದಾಖಲೆ ಮೇಜು

ಬರೆಸುವ ವಿಷಯಕ್ಕೆ ಬರುತ್ತೇನೆ. ವಿರಳ ಹೆಸರಿಗೆ ತೊಂದರೆ ಶುರುವಾಗುವುದು ಇಲ್ಲಿಯೇ. ಟೈಪ್ ಮಾಡುವವರಿಗೆ ಹೆಸರು ಪರಿಚಯವಿರುವುದಿಲ್ಲ, ಪರಿಚಯವಿರುವ ಯಾವುದೋ ಹೆಸರಿಗೆ ಕೈ ಜಾರುತ್ತದೆ.

ಜನನ ನೋಂದಣಿ 21 ದಿನದೊಳಗೆ ಆಗಬೇಕು, ಆದರೆ ಆಗಲೇ ಹೆಸರು ಕೊಡಬೇಕೆಂದಿಲ್ಲ. ಹೆಸರಿಲ್ಲದೆ ನೋಂದಾಯಿಸಿ, 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆಮೇಲೆ 15 ವರ್ಷದವರೆಗೂ ತಡದ ಶುಲ್ಕ ಕೊಟ್ಟು ಸೇರಿಸಬಹುದು. ಮನೆಯಲ್ಲಿ ಚರ್ಚೆ ಮುಗಿದಿಲ್ಲವಾದರೆ ಆತುರಕ್ಕೆ ಬಿದ್ದು ಯಾವುದೋ ಒಂದನ್ನು ಬರೆಸಬೇಡಿ. ಒಮ್ಮೆ ಹೆಸರು ಕೂತಮೇಲೆ ಜನನ ಮರಣ ನೋಂದಣಿ ಕಾಯ್ದೆಯ 15ನೇ ಕಲಮಿನಡಿ ಅಕ್ಷರದೋಷ ತಿದ್ದಬಹುದು, ಅದೂ ಮೂಲ ನಮೂದನ್ನು ಅಳಿಸದೆ ಅಂಚಿನಲ್ಲಿ ಬರೆದು. ಭ್ರಾಂತೇಶ ತೆಗೆದು ಪ್ರಜ್ವಲ ಮಾಡಿ ಎಂದರೆ ಅದು ತಿದ್ದುಪಡಿಯಲ್ಲ.

2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶ, ಆಧಾರ್, ಮತದಾರರ ಪಟ್ಟಿ, ಚಾಲನಾ ಪರವಾನಗಿ ಎಲ್ಲಕ್ಕೂ ಜನ್ಮದಿನಾಂಕ, ಸ್ಥಳದ ಪುರಾವೆ ಈ ಒಂದೇ ಹಾಳೆ. ಆದ್ದರಿಂದ ಅಕ್ಷರ ಈಗಲೇ ಗಟ್ಟಿ ಮಾಡಿಕೊಳ್ಳಿ.

ಪ್ರಮಾಣಪತ್ರ ಎರಡು ಭಾಷೆಯಲ್ಲಿ ಬರುತ್ತದೆ. ಅರ್ಜಿಯಲ್ಲಿ ಎರಡನ್ನೂ ನೀವೇ ದೊಡ್ಡ ಅಕ್ಷರದಲ್ಲಿ ಬರೆದುಕೊಡಿ. ಒಂದನ್ನು ಬರೆದು ಇನ್ನೊಂದನ್ನು ಅವರಿಗೆ ಬಿಟ್ಟರೆ ಕೆಡುತ್ತದೆ.

ಕನ್ನಡದಲ್ಲಿ ಕೆಡುವ ಜಾಗಗಳು: ಭ ಹೋಗಿ ಬ ಆಗುವುದು, ಸೊನ್ನೆ ಬಿಟ್ಟುಹೋಗುವುದು, ತೇ ದೀರ್ಘ ಹೋಗಿ ತೆ ಆಗುವುದು, ಶ ಬದಲು ಷ. ಇದಕ್ಕಿಂತ ಹೆಚ್ಚು ಬರುವ ತಪ್ಪು 'ಭ್ರಾಂಥೇಶ'. ಅದು ಹೇಗೆ ಬರುತ್ತದೆ ಗೊತ್ತೇ? ನಾವು ದಕ್ಷಿಣದವರು ಇಂಗ್ಲಿಷಿನಲ್ಲಿ ತಕಾರಕ್ಕೆ ಟಿ ಜೊತೆ ಎಚ್ ಸೇರಿಸುತ್ತೇವೆ. ಆ ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸುವ ತಂತ್ರಾಂಶ ಅದನ್ನು ಥ ಎಂದು ಓದುತ್ತದೆ. ಎಚ್ ಬಿಟ್ಟರೆ ಕೆಲವು ತಂತ್ರಾಂಶ ಟಕಾರ ಕೊಡುತ್ತವೆ, 'ಭ್ರಾಂಟೇಶ' ಆಗುತ್ತದೆ. ಅದಕ್ಕೇ ಕನ್ನಡ ರೂಪವನ್ನು ಕನ್ನಡ ಕೀಲಿಮಣೆಯಲ್ಲೇ ಹಾಕಿಸಿ: ಭ, ಹಲಂತ (ಒತ್ತು ಕೊಡುವ ಕೀಲಿ), ರ, ದೀರ್ಘ, ಸೊನ್ನೆ, ತ, ಏತ್ವ ದೀರ್ಘ, ಶ.

ಇಂಗ್ಲಿಷಿನಲ್ಲಿ ಒಂಬತ್ತು ಅಕ್ಷರ ಸಾಕು: ಬಿ, ಎಚ್, ಆರ್, ಎ, ಎನ್, ಟಿ, ಇ, ಎಸ್, ಎಚ್. ಕೊನೆಗೆ ಎ ಸೇರಿಸಿದರೆ ಹತ್ತು. ಸೇರಿಸುವುದೂ ಬಿಡುವುದೂ ನಿಮ್ಮಿಷ್ಟ, ಆದರೆ ಆಸ್ಪತ್ರೆ ಚೀಟಿಯಿಂದ ಹಿಡಿದು ಎಲ್ಲೆಡೆ ಒಂದೇ ಇರಲಿ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ.

ಹುಚ್ಚರಾಯ ಎಂದೇ ಇಡುವುದಾದರೆ ಇಂಗ್ಲಿಷಿನಲ್ಲಿ ಚ್ಚಕ್ಕೆ ಮೂರು ಬಗೆ ಓಡಾಡುತ್ತವೆ: ಸಿ-ಎಚ್ ಎರಡು ಸಲ, ಎರಡು ಸಿ ಒಂದು ಎಚ್, ಬರೀ ಸಿ-ಎಚ್. ಮೊದಲನೆಯದು ಉದ್ದ, 11 ಅಕ್ಷರ, ಆದರೆ ಒತ್ತಕ್ಷರ ಸ್ಪಷ್ಟ. ಮೂರನೆಯದನ್ನು ಹೊರಗಿನವರು 'ಹುಚರಾಯ' ಎಂದು ಓದುತ್ತಾರೆ.

ಇನ್ನೊಂದು ಮಾತು, ಇದು ಹಿರಿಯರ ದಾಖಲೆಗೆ. ಪಹಣಿಯಲ್ಲಿ ಹುಚ್ಚಪ್ಪ, ಮತದಾರರ ಚೀಟಿಯಲ್ಲಿ ಹುಚ್ಚರಾಯಪ್ಪ, ಆಧಾರ್‌ನಲ್ಲಿ ಹುಚ್ರಾಯಪ್ಪ ಎಂದಿದ್ದರೆ ಪೌತಿ ಖಾತೆ (ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ) ಮಾಡಿಸುವಾಗ ಕಡತ ನಿಲ್ಲುತ್ತದೆ. ಹಿರಿಯರು ಇರುವಾಗಲೇ ಮೂರೂ ಹೆಸರಿನವರು ಒಬ್ಬರೇ ಎಂದು ಅಫಿಡವಿಟ್ ಮಾಡಿಸಿ ಇಟ್ಟುಕೊಳ್ಳುವುದು ಒಳ್ಳೆಯದು. ಆಮೇಲೆ ವಂಶವೃಕ್ಷದಲ್ಲಿ ಯಾವ ರೂಪ ಬರೆಯಬೇಕೆಂಬ ಪ್ರಶ್ನೆಯೇ ಬರುವುದಿಲ್ಲ.

ತೊಟ್ಟಿಲ ಮನೆ, ಶಿವಮೊಗ್ಗ

ಎಲ್ಲರಿಗೂ ಧನ್ಯವಾದ. ಇನ್ನೆರಡು ಕೇಳಬೇಕಿತ್ತು. ಹಿರಿಯರಿಗೆ ಹುಚ್ಚರಾಯ ಎಂಬ ಪದವೇ ಕಿವಿಗೆ ಬೀಳಬೇಕು. ಎರಡನ್ನೂ ಉಳಿಸಿಕೊಳ್ಳುವ ದಾರಿ ಇದೆಯೇ? ಮತ್ತೆ, ನಕ್ಷತ್ರದ ಅಕ್ಷರ ಕೂಡುತ್ತದೆಯೇ?

ಉತ್ತರ 1: ಕುಮುದ್ವತಿ ದಂಡೆ

ದಾರಿ ಶಾಸ್ತ್ರದಲ್ಲೇ ಇದೆ. ನಾಮಕರಣದಲ್ಲಿ ಒಂದೇ ಹೆಸರಿಡುವುದಲ್ಲ. ದೇವತಾನಾಮ, ಮಾಸನಾಮ, ನಕ್ಷತ್ರನಾಮ, ವ್ಯಾವಹಾರಿಕ ನಾಮ ಎಂದು ನಾಲ್ಕು. ತಟ್ಟೆಯಲ್ಲಿ ಅಕ್ಕಿ ಹರಡಿ ಉಂಗುರದಿಂದ ಬರೆಯುವಾಗ ದೇವತಾನಾಮದ ಜಾಗದಲ್ಲಿ ಹುಚ್ಚರಾಯ ಬರೆಸಿ, ವ್ಯಾವಹಾರಿಕವಾಗಿ ಭ್ರಾಂತೇಶ. ನಾಲ್ಕು ಹೆಸರಿನ ಪದ್ಧತಿ ಇಲ್ಲದ ಮನೆಗಳಲ್ಲಿ ತೊಟ್ಟಿಲಿಗೆ ಹಾಕುವಾಗ ಸೋದರತ್ತೆ ಕಿವಿಯಲ್ಲಿ ಹೇಳುವ ಹೆಸರು ಹುಚ್ಚರಾಯ ಆಗಲಿ. ಮೊದಲು ಕಿವಿಗೆ ಬಿದ್ದದ್ದು ದೇವರ ಊರ ಹೆಸರು, ಹಿರಿಯರಿಗೆ ಅಷ್ಟೇ ಬೇಕಿರುವುದು.

ಅಕ್ಷರದ ಲೆಕ್ಕ: 'ಹು' ಪುಷ್ಯ ನಕ್ಷತ್ರದ ಒಂದನೇ ಪಾದ, ಕಟಕ ರಾಶಿ. ಭ್ರಾಂತೇಶಕ್ಕೆ ಒತ್ತು ಬಿಟ್ಟು ಮೊದಲ ವ್ಯಂಜನ 'ಭ' ಹಿಡಿಯುತ್ತಾರೆ, ಅದು ಮೂಲಾ ಮೂರನೇ ಪಾದ, ಧನು ರಾಶಿ. ಕಾಂತೇಶದ 'ಕ' ಮೃಗಶಿರಾ ಮೂರನೇ ಪಾದ. ಮಗುವಿನದು ಇದ್ಯಾವುದೂ ಅಲ್ಲದಿದ್ದರೂ ಅಡ್ಡಿಯಿಲ್ಲ. ಅಕ್ಷರ ಕೂಡಬೇಕಾದ್ದು ನಕ್ಷತ್ರನಾಮಕ್ಕೆ, ದೇವತಾನಾಮಕ್ಕಲ್ಲ. ಈ ಎರಡನ್ನು ಕಲಸಿಕೊಂಡು ಒಳ್ಳೆಯ ಹೆಸರು ಕೈಬಿಟ್ಟವರು ಎಷ್ಟೋ ಜನ.

ಉತ್ತರ 5: ಎನ್.ಆರ್. ಪುರ ದಾರಿ

ಯಾರೂ ಹೇಳದ ಒಂದು ವಿಷಯ. ಮಲಯಾಳದಲ್ಲಿ 'ಭ್ರಾಂತ್' ಎಂದರೆ ನೇರವಾಗಿ ಹುಚ್ಚು, 'ಭ್ರಾಂತನ್' ಎಂದರೆ ಹುಚ್ಚ. ದಿನಬಳಕೆಯ ಮಾತು, ಗ್ರಾಂಥಿಕವಲ್ಲ. ಕನ್ನಡದಲ್ಲಿ ಸಂಸ್ಕೃತದ ಹೊದಿಕೆ ಹೊದ್ದ ಹೆಸರು ಘಟ್ಟದ ಆಚೆ ಹೊದಿಕೆ ಕಳಚಿ ನಿಲ್ಲುತ್ತದೆ. ನಮ್ಮ ಮಲೆನಾಡಿನಲ್ಲೇ ಮಲಯಾಳ ಮಾತಾಡುವ ಮನೆಗಳು ಬೇಕಾದಷ್ಟಿವೆ, ಸಹಪಾಠಿಗಳಲ್ಲೂ ಇರುತ್ತಾರೆ. ತಿಳಿದಿದ್ದು ಇಡುವುದು ಬೇರೆ, ತಿಳಿಯದೆ ಇಡುವುದು ಬೇರೆ.

ಹಾಗೆಂದು ಅಲ್ಲಿಯೂ ಅದು ಬರೀ ಬೈಗುಳವಲ್ಲ. ನಾರಾಣತ್ತು ಭ್ರಾಂತನ್ ಎಂಬ ಐತಿಹ್ಯದ ವ್ಯಕ್ತಿಯನ್ನು ಜ್ಞಾನಿ ಎಂದೇ ಕಾಣುತ್ತಾರೆ. ಗುಡ್ಡದ ತುದಿಗೆ ಬಂಡೆ ಉರುಳಿಸಿಕೊಂಡು ಹೋಗಿ, ಅಲ್ಲಿಂದ ಕೈಬಿಟ್ಟು ಅದು ಉರುಳುವುದನ್ನು ನೋಡುತ್ತಿದ್ದನಂತೆ. ಪಾಲಕ್ಕಾಡ್ ಜಿಲ್ಲೆಯ ರಾಯಿರನೆಲ್ಲೂರು ಗುಡ್ಡದ ಮೇಲೆ ಅವನ ದೊಡ್ಡ ಪ್ರತಿಮೆ ಇದೆ. ಹುಡುಗನನ್ನು ಯಾರಾದರೂ ಕೇಳಿದರೆ ಹೇಳಲು ಒಂದು ಕಥೆ ಸಿಕ್ಕಿತು.

ಕೂಗುವ ಹೆಸರು ಈಗಲೇ ತೀರ್ಮಾನಿಸಿ. ನೀವು ಬಿಟ್ಟರೆ ಶಾಲೆಯವರು ತೀರ್ಮಾನಿಸುತ್ತಾರೆ. ಭ್ರಾಂತೇಶವನ್ನು ಮುರಿದರೆ 'ಭ್ರಾಂತಿ' ಆಗುತ್ತದೆ, ಮಹಾಪ್ರಾಣ ಬಿಟ್ಟು ಹೇಳುವ ಹುಡುಗರ ಬಾಯಲ್ಲಿ ಅದು ಬ್ರಾಂದಿಗೆ ಹತ್ತಿರ. ಮುಂದಿನ ತುಂಡು ಹಿಡಿಯದೆ ಹಿಂದಿನದನ್ನು ಹಿಡಿಯಿರಿ: 'ಈಶ' ಅನ್ನಬಹುದು. ಇಲ್ಲವೇ ದೇವತಾನಾಮದಿಂದ 'ರಾಯ' ಎಂದೇ ಕೂಗಿ. ಹುಚ್ಚರಾಯನ ಅರ್ಧ ಹೆಸರು ದಿನಾ ಮನೆಯಲ್ಲಿ ಕೇಳುತ್ತದೆ, ಎರಡಕ್ಷರ, ಬಯಲಿನ ಆ ತುದಿಗೂ ಕೇಳಿಸುತ್ತದೆ.